ಹಗೇವಿಗೆ ಇಳಿಬಿಟ್ಟ ದೀಪ

ಗುಬ್ಬಿ ತಾಲ್ಲೂಕಿನ ನಮ್ಮ ಊರ ಮನೆಯ ಮುಂದೆ, ಕಣಕ್ಕೆ ಹೋಗುವ ದಾರಿಯಲ್ಲಿ ಒಂದು ಚಪ್ಪಡಿ ಕಲ್ಲು ಇತ್ತು. ನಾವು ಮಕ್ಕಳೆಲ್ಲ ಅದರ ಮೇಲೆ ಕೂತು ಹುಣಸೆ ಬೀಜ ಆಡುತ್ತಿದ್ದೆವು. ಅದರ ಕೆಳಗೆ ಹಗೇವು ಇದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ನಾನು ಹುಟ್ಟುವ ಹೊತ್ತಿಗಾಗಲೇ ಅದು ಖಾಲಿ. ಹಾಗಾಗಿ ಹಗೇವಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅಜ್ಜಿ ಹೇಳಿದ್ದೇ.

ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ನೆಲದೊಳಗೆ ಹೂತಿಟ್ಟ ಗುಡಾಣದ ಹಾಗೆ. ಸುತ್ತ ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು. ಮಳೆ ಬೆಳೆ ಚೆನ್ನಾಗಿ ಆದ ವರ್ಷ ತುಂಬುವುದು, ಬರ ಬಂದ ವರ್ಷ ತೆಗೆಯುವುದು. ನಡುವೆ ಎಷ್ಟು ವರ್ಷ ಹೋದರೂ ರಾಗಿ ರಾಗಿಯೇ.

ಆದರೆ ಅಜ್ಜಿಯ ಮಾತಲ್ಲಿ ನನಗೆ ಮೈ ಜುಂ ಅನ್ನಿಸುತ್ತಿದ್ದದ್ದು ತೆಗೆಯುವ ದಿನ. ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲವಂತೆ. ಒಂದಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಮೆಲ್ಲಗೆ ಇಳಿಬಿಡುವುದು. ದೀಪ ಉರಿಯುತ್ತಲೇ ಇದ್ದರೆ ಆಳು ಇಳಿಯಬಹುದು. ದೀಪ ಆರಿತೋ, ಇಳಿಯುವ ಮಾತೇ ಇಲ್ಲ. ದೀಪ ಬಿಡದೆ ಅವಸರ ಮಾಡಿ ಇಳಿದವರು ಹಾಗೇ ಒಳಗೆ ಕುಸಿದಿದ್ದೂ ಉಂಟು. "ರಾಗಿಗೆ ಏನೂ ಆಗಲ್ಲ ಕಣಪ್ಪ, ತೆಗೆಯಾಕೆ ಹೋದೋನಿಗೇ ಆಗದು" ಅನ್ನುತ್ತಿದ್ದಳು ಅಜ್ಜಿ.

ಕಾರಣ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ರಾಗಿ ಕಾಳು ಸತ್ತಿರುವುದಿಲ್ಲ, ಮೆಲ್ಲಗೆ ಉಸಿರಾಡುತ್ತಲೇ ಇರುತ್ತದೆ. ಜೊತೆಗೆ ಸೇರಿಕೊಂಡ ಹುಳುಗಳೂ ಉಸಿರಾಡುತ್ತವೆ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಕಡಿಮೆಯಾಗುತ್ತಾ, ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗುತ್ತಾ ಹೋಗಿ ಕೊನೆಗೆ ಹುಳುಗಳೇ ಉಸಿರುಗಟ್ಟಿ ಸಾಯುತ್ತವೆ. ಔಷಧಿ ಬೇಡ, ಪುಡಿ ಬೇಡ. ಕಾಳು ತನ್ನ ಉಸಿರಿನಿಂದಲೇ ತನ್ನನ್ನು ಕಾಪಾಡಿಕೊಳ್ಳುತ್ತದೆ. ಆ ಗಾಳಿಯೇ ಮನುಷ್ಯನಿಗೆ ವಿಷ.

ಈ ದೀಪದ ವಿಷಯ ನನ್ನನ್ನು ಬಿಟ್ಟೇ ಇಲ್ಲ. ಆಮೇಲೆ ನಾನು ಬ್ಯಾಟರಿಗಳ ಬಗ್ಗೆ ಓದಿದೆ, ವೀರ್ಯಾಣು, ಭ್ರೂಣಗಳನ್ನು ಹೆಪ್ಪುಗಟ್ಟಿಸಿ ಇಡುವ ಬಗ್ಗೆ ಓದಿದೆ, ಬೀಜ ಬ್ಯಾಂಕುಗಳ ಬಗ್ಗೆ ಓದಿದೆ. ಎಲ್ಲಿ ಓದಿದರೂ ಅಜ್ಜಿಯ ಮಾತೇ ಎದುರಾಗುತ್ತಿತ್ತು. ಇಟ್ಟಿರುವ ಕಾಲ ಅಷ್ಟು ಕಷ್ಟದ್ದಲ್ಲ. ಒಳಗೆ ಹೋಗುವಾಗ ಮತ್ತು ಹೊರಗೆ ಬರುವಾಗ, ಹೊಸ್ತಿಲು ದಾಟುವ ಆ ಎರಡು ಗಳಿಗೆಯಲ್ಲೇ ಎಲ್ಲ ಅನಾಹುತ. ಸಂಗ್ರಹದ ವಿಜ್ಞಾನ ಅಂತ ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಹೊಸ್ತಿಲು ದಾಟಿಸುವ ವಿಜ್ಞಾನ.

ಹೆಪ್ಪುಗಟ್ಟಿಸುವ ಕೆಲಸವನ್ನು ನಾನು ಮೊದಲು ನೋಡಿದ್ದು ನಮ್ಮ ಕೊಟ್ಟಿಗೆಯಲ್ಲೇ. ಸೀಮೆ ಹಸು ಬೆದೆಗೆ ಬಂದರೆ ಅಪ್ಪ ಡೈರಿ ಹತ್ತಿರ ಹೋಗಿ ಹೇಳಿ ಬರುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೈಕಿನಲ್ಲಿ ಒಬ್ಬರು ಬರುತ್ತಿದ್ದರು. ಊರಿಗೆಲ್ಲ ಅವರು ಡಾಕ್ಟ್ರೇ. ಬೈಕಿಗೆ ಕಟ್ಟಿದ ಅಲ್ಯೂಮಿನಿಯಂ ಕ್ಯಾನಿನ ಮುಚ್ಚಳ ತೆಗೆದರೆ ಬಿಳೀ ಹೊಗೆ ಹರಿದು ನೆಲದ ಮೇಲೆ ತೆವಳಿಕೊಂಡು ಹೋಗುತ್ತಿತ್ತು. ಒಳಗಿರುವುದು ದ್ರವ ಸಾರಜನಕ, ಮೈನಸ್ 196 ಡಿಗ್ರಿ. ಅವರು ಚಿಮಟದಿಂದ ಸರಕ್ಕನೆ ಒಂದು ತೆಳ್ಳನೆಯ ಸ್ಟ್ರಾ ಎತ್ತಿ, ಅಮ್ಮ ತಂದಿಟ್ಟ ಉಗುರು ಬೆಚ್ಚಗಿನ ನೀರಿನ ಚೊಂಬಿಗೆ ಹಾಕಿ, ವಾಚು ನೋಡುತ್ತಿದ್ದರು. ಆ ಅರ್ಧ ನಿಮಿಷ ಯಾರೂ ಮಾತಾಡುತ್ತಿರಲಿಲ್ಲ. ಸ್ಟ್ರಾ ಹೊರಗೆ ತೆಗೆದು, ಬಟ್ಟೆಯಲ್ಲಿ ಒರೆಸಿ, ತುದಿ ಕತ್ತರಿಸಿ, ಗನ್ನಿಗೆ ಹಾಕಿ... ಆಮೇಲಿನದು ಹಸುವಿಗೂ ಅವರಿಗೂ ಬಿಟ್ಟಿದ್ದು.

ಆ ಸ್ಟ್ರಾದಲ್ಲಿ ಇರುವುದು ಕಾಲು ಮಿಲಿಲೀಟರ್. ಅದರಲ್ಲಿ ಸುಮಾರು 2 ಕೋಟಿ ವೀರ್ಯಾಣು. ಕರಗಿಸಿದಾಗ ಅರ್ಧದಷ್ಟು ಚುರುಕಾಗಿ ಓಡಾಡಿದರೆ ಒಳ್ಳೆಯ ಸ್ಟ್ರಾ ಅಂತಲೇ ಲೆಕ್ಕ. ಅಂದರೆ ಇನ್ನರ್ಧ ದಾರಿಯಲ್ಲೇ ಹೋಯಿತು. ಬೆಂಗಳೂರಿನ ಪಕ್ಕ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನಾ ಸಂಸ್ಥೆ ಇದೆ. ಇಂಥ ಕಡೆ ತುಂಬಿದ ಸ್ಟ್ರಾ, ಹೋರಿ ಸತ್ತು ವರ್ಷಗಳಾದ ಮೇಲೂ ಯಾವುದೋ ಹಳ್ಳಿಯ ಕೊಟ್ಟಿಗೆಯಲ್ಲಿ ಕರು ಹಾಕಿಸಬಲ್ಲದು. ಚಿಕ್ಕಂದಿನಲ್ಲಿ ಇದನ್ನು ಕೇಳಿ ನಾನು ಬೆರಗಾಗಿದ್ದೆ. ಈಗಲೂ ಆ ಬೆರಗು ಕಡಿಮೆಯಾಗಿಲ್ಲ.

ಒಂದು ವರ್ಷ ನಮ್ಮ ಕಡಸು ಮೂರು ಸಲ ಗಬ್ಬ ನಿಲ್ಲಲಿಲ್ಲ. ಅಪ್ಪ ಹಸುವಿನದೇ ದೋಷ ಅಂದುಕೊಂಡು ಅದನ್ನು ಮಾರಲು ಹೊರಟಿದ್ದರು. ಆಮೇಲೆ ಗೊತ್ತಾಯಿತು, ಆ ಬೇಸಿಗೆಯಲ್ಲಿ ಕ್ಯಾನಿಗೆ ಸಾರಜನಕ ಸರಿಯಾಗಿ ತುಂಬಿಸಿರಲಿಲ್ಲ. ಸ್ಟ್ರಾಗಳು ಪೂರ್ತಿ ಕರಗಿರಲೂ ಇಲ್ಲ, ಪೂರ್ತಿ ತಣ್ಣಗಿರಲೂ ಇಲ್ಲ. ನೋಡಿದರೆ ಸರಿಯಾಗೇ ಕಾಣುತ್ತವೆ. ಒಳಗಿನದು ಯಾವತ್ತೋ ಸತ್ತಿದೆ. ಆ ಕಡಸನ್ನು ಮಾರದೆ ಉಳಿಸಿಕೊಂಡಿದ್ದು ಅಮ್ಮನ ಹಟದಿಂದ.

ಈ ತಂತ್ರ ಮನುಷ್ಯನ ಕೈಗೆ ಸಿಕ್ಕ ಬಗೆ ಇನ್ನೊಂದು ಸೋಜಿಗ. ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರಿ ಸ್ಮಿತ್, ಆಲನ್ ಪಾರ್ಕ್ಸ್ ಎಂಬ ಮೂವರು ಕೋಳಿಯ ವೀರ್ಯಾಣುವನ್ನು ಹೆಪ್ಪುಗಟ್ಟಿಸಿ ಬದುಕಿಸಲು ನೋಡುತ್ತಿದ್ದರು. ಹಣ್ಣಿನ ಸಕ್ಕರೆ ಹಾಕಿ ನೋಡಿದರು, ಆಗಲಿಲ್ಲ. ಸೀಸೆಗಳನ್ನು ತಣ್ಣನೆಯ ಕೋಣೆಯಲ್ಲಿಟ್ಟು ಕೆಲಸ ಬಿಟ್ಟರು. ಕೆಲವು ತಿಂಗಳ ಮೇಲೆ ಅದೇ ಸೀಸೆ ತೆಗೆದು ಮತ್ತೆ ಮಾಡಿದಾಗ ವೀರ್ಯಾಣು ಎದ್ದು ಓಡಾಡತೊಡಗಿದವು! ಹೊಸದಾಗಿ ಸಕ್ಕರೆ ದ್ರಾವಣ ಮಾಡಿದರೆ ಮತ್ತೆ ಇಲ್ಲ. ಕೊನೆಗೆ ಹಳೆಯ ಸೀಸೆಯಲ್ಲಿ ಉಳಿದಿದ್ದ ಸ್ವಲ್ಪವನ್ನು ಪರೀಕ್ಷೆ ಮಾಡಿಸಿದರೆ ಅದರಲ್ಲಿ ಸಕ್ಕರೆಯೇ ಇರಲಿಲ್ಲ. ಇದ್ದದ್ದು ಗ್ಲಿಸರಿನ್, ಜೊತೆಗೆ ಮೊಟ್ಟೆಯ ಬಿಳಿ. ಗಾಜಿನ ಸ್ಲೈಡಿಗೆ ಅಂಗಾಂಶದ ಚೂರು ಅಂಟಿಸಲು ಬಳಸುವ ಅಂಟು ಅದು! ಚೀಟಿ ಅದಲು ಬದಲಾಗಿತ್ತು. 1949ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಬಂತು. ಎರಡೇ ವರ್ಷದಲ್ಲಿ ಹೆಪ್ಪುಗಟ್ಟಿದ ಹೋರಿ ವೀರ್ಯದಿಂದ ಕರುವೂ ಹುಟ್ಟಿತು.

ಇದನ್ನು ಅದೃಷ್ಟದ ಕಥೆಯಾಗಿ ಹೇಳುವವರೇ ಜಾಸ್ತಿ. ನನಗೆ ಅದರಲ್ಲಿ ಹಿಡಿಸುವುದು ಬೇರೆ. ಹೊಸ ದ್ರಾವಣ ಕೆಲಸ ಮಾಡದಿದ್ದಾಗ ಅವರು ಹಳೆಯದನ್ನು ಚೆಲ್ಲಲಿಲ್ಲ, ಏನೋ ತಪ್ಪಾಗಿರಬೇಕು ಅಂತ ಮರೆಯಲೂ ಇಲ್ಲ. ತಳದಲ್ಲಿ ಉಳಿದ ನಾಲ್ಕು ತೊಟ್ಟನ್ನು ಜೋಪಾನ ಮಾಡಿ ಇದರಲ್ಲೇನಿದೆ ಅಂತ ಕೇಳಿದರು.

ಗ್ಲಿಸರಿನ್ ಮಾಡುವುದಾದರೂ ಏನು? ಜೀವಕೋಶ ಸಾಯುವುದು ಚಳಿಯಿಂದಲ್ಲ, ಐಸಿನಿಂದ. ತಣ್ಣಗಾಗುತ್ತಾ ಹೋದಂತೆ ಕೋಶದ ಹೊರಗಿನ ನೀರು ಮೊದಲು ಐಸಾಗುತ್ತದೆ. ಐಸು ಬರೀ ನೀರನ್ನು ಮಾತ್ರ ತೆಗೆದುಕೊಳ್ಳುತ್ತದೆ, ಉಪ್ಪನ್ನು ಹೊರಗೇ ಬಿಡುತ್ತದೆ. ಉಳಿದ ನೀರು ಉಪ್ಪುಪ್ಪಾಗಿ ಕೋಶದೊಳಗಿನ ನೀರನ್ನು ಎಳೆಯುತ್ತದೆ, ಮಾವಿನ ಮಿಡಿಗೆ ಉಪ್ಪು ಹಾಕಿಟ್ಟಾಗ ಅದು ನೀರು ಬಿಟ್ಟು ಮುರುಟುವ ಹಾಗೆ. ತೀರಾ ನಿಧಾನವಾಗಿ ತಣ್ಣಗೆ ಮಾಡಿದರೆ ಕೋಶ ಬಹಳ ಹೊತ್ತು ಆ ಉಪ್ಪಿನಲ್ಲೇ ಇದ್ದು ಸಾಯುತ್ತದೆ. ಹಾಗಂತ ಬೇಗ ಮಾಡಿದರೆ ನೀರು ಹೊರಗೆ ಬರಲು ಪುರುಸೊತ್ತೇ ಸಿಗದೆ ಕೋಶದ ಒಳಗೇ ಐಸಾಗಿ, ಹರಳುಗಳು ಎಲ್ಲವನ್ನೂ ಸೀಳಿಬಿಡುತ್ತವೆ. ಉಪ್ಪಿನ ಕೇಡನ್ನು ಬಿಡಿಸಿ ತೋರಿಸಿದವರಲ್ಲಿ ಮುಖ್ಯರು ಜೇಮ್ಸ್ ಲವ್‌ಲಾಕ್, 1950ರ ದಶಕದಲ್ಲಿ. ಎರಡೂ ಕಡೆಯ ಕೇಡನ್ನು ಒಂದೇ ಲೆಕ್ಕಕ್ಕೆ ತಂದವರು ಅಮೆರಿಕದ ಪೀಟರ್ ಮೇಜರ್. ನಿಧಾನವಾದರೂ ಕಷ್ಟ, ಅವಸರವಾದರೂ ಕಷ್ಟ, ನಡುವೆ ಒಂದು ಹದ ಇದೆ. ಆ ಹದ ಒಂದೊಂದು ಕೋಶಕ್ಕೆ ಒಂದೊಂದು. ಇಲಿಯ ಭ್ರೂಣಕ್ಕೆ ನಿಮಿಷಕ್ಕೆ ಒಂದು ಡಿಗ್ರಿಯ ಆಸುಪಾಸಿನಲ್ಲೇ ಇಳಿಯಬೇಕು, ರಕ್ತದ ಕೆಂಪು ಕಣಕ್ಕೆ ನಿಮಿಷಕ್ಕೆ ಸಾವಿರ ಡಿಗ್ರಿ ಇಳಿದರೂ ನಡೆಯುತ್ತದೆ. ಗ್ಲಿಸರಿನ್ ಕೋಶದೊಳಗೆ ಸೇರಿಕೊಂಡು ಈ ಹದವನ್ನು ಸ್ವಲ್ಪ ಅಗಲ ಮಾಡಿಕೊಡುತ್ತದೆ, ಅಷ್ಟೇ.

ಮೇಜರ್ ಅವರ ಇನ್ನೊಂದು ಮಾತಿನಿಂದ ನನಗೆ ಅಜ್ಜಿ ನೆನಪಾದಳು. ಮೈನಸ್ 196ರಲ್ಲಿ ಕೋಶಕ್ಕೆ ಏನೂ ಆಗುವುದಿಲ್ಲ. ಅಲ್ಲಿ ರಸಾಯನ ಕ್ರಿಯೆಯೇ ನಿಂತಿರುತ್ತದೆ. ಕಲ್ಲು ಮಣ್ಣಿನಿಂದ, ಆಕಾಶದಿಂದ ಸದಾ ಬೀಳುವ ಅಷ್ಟಿಷ್ಟು ವಿಕಿರಣ ಬಿಟ್ಟರೆ ಕೆಡಿಸುವುದು ಇನ್ನೇನೂ ಇಲ್ಲ, ಅದಕ್ಕೂ ಸಾವಿರಾರು ವರ್ಷ ಬೇಕು. ಸಾವು ಇರುವುದು ಮೈನಸ್ 15ರಿಂದ ಮೈನಸ್ 60ರ ನಡುವೆ. ಆ ಜಾಗವನ್ನು ಕೋಶ ಎರಡು ಸಲ ದಾಟಬೇಕು, ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ನಮ್ಮ ಕೊಟ್ಟಿಗೆಯಲ್ಲಿ ಡಾಕ್ಟ್ರು ವಾಚು ನೋಡುತ್ತಿದ್ದದ್ದು ಆ ಎರಡನೇ ದಾಟುವಿಕೆಗೆ.

1985ರಲ್ಲಿ ವಿಲಿಯಂ ರಾಲ್ ಮತ್ತು ಗ್ರೆಗರಿ ಫಾಹಿ ಈ ಹದವನ್ನೇ ಬಿಟ್ಟು ಬೇರೆ ದಾರಿ ಹಿಡಿದರು. ಐಸಿನಿಂದ ತಾನೇ ತೊಂದರೆ, ಐಸೇ ಆಗದ ಹಾಗೆ ಮಾಡಿದರೆ? ರಕ್ಷಣೆಯ ದ್ರಾವಣವನ್ನು ದಟ್ಟವಾಗಿ ಹಾಕಿ ಬೇಗ ತಣ್ಣಗೆ ಮಾಡಿದಾಗ ನೀರು ಹರಳುಗಟ್ಟಲಿಲ್ಲ, ಗಾಜಾಯಿತು. ಕಡಲೆ ಮಿಠಾಯಿಯ ಪಾಕ ಆರಿ ಗಾಜಿನ ಹಾಗೆ ಗಟ್ಟಿಯಾಗುತ್ತೆ ಅಲ್ವಾ, ಹಾಗೆ. ಇಲಿಯ ಭ್ರೂಣ ಆ ಗಾಜಿನೊಳಗೆ ಕೂತು ಬದುಕಿ ಬಂತು. ಇವತ್ತು ಐವಿಎಫ್ ಕೇಂದ್ರಗಳಲ್ಲಿ ಅಂಡಾಣು, ಭ್ರೂಣಗಳನ್ನು ಇಡುವುದು ಹೆಚ್ಚಾಗಿ ಈ ದಾರಿಯಲ್ಲೇ.

ಮತ್ತೆ ರಾಗಿಗೆ ಬರುತ್ತೇನೆ, ಯಾಕೆಂದರೆ ಅದು ಇದನ್ನೇ ಯಾವ ಪ್ರಯೋಗಶಾಲೆಯೂ ಇಲ್ಲದೆ ಮಾಡುತ್ತಿದೆ. ತೆನೆಯಲ್ಲಿ ಬಲಿಯುವಾಗಲೇ ಕಾಳು ತನ್ನ ನೀರನ್ನು ತಾನೇ ಬಿಟ್ಟುಕೊಡುತ್ತಾ, ಒಳಗೆ ಸಕ್ಕರೆಗಳನ್ನು ಕೂಡಿಹಾಕುತ್ತದೆ. ಒಣಗಿದಾಗ ಕೋಶದೊಳಗಿನ ರಸ ಆ ಸಕ್ಕರೆಯಿಂದ ಗಾಜಾಗುತ್ತದೆ. ಅದಕ್ಕೇ ಅಜ್ಜಿ ರಾಗಿ ಚೆನ್ನಾಗಿ ಒಣಗಿದೆಯಾ ಅಂತ ಹಲ್ಲಿನಲ್ಲಿ ಕಡಿದು ನೋಡುತ್ತಿದ್ದದ್ದು. ಟಕ್ ಅಂದರೆ ಸರಿ. ಬೀಜ ವಿಜ್ಞಾನಿಗಳಲ್ಲಿ ಹ್ಯಾರಿಂಗ್ಟನ್ ನಿಯಮ ಅಂತ ಒಂದಿದೆ. ಬೀಜದ ತೇವ ಶೇಕಡಾ 1 ಇಳಿದರೆ ಆಯಸ್ಸು ಎರಡು ಪಟ್ಟು, ಶಾಖ 5 ಡಿಗ್ರಿ ಇಳಿದರೂ ಎರಡು ಪಟ್ಟು. ದಿಲ್ಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಬೀಜಗಳನ್ನು ಒಣಗಿಸಿ ಮೈನಸ್ 18ರಲ್ಲಿ ಇಟ್ಟಿರುವುದು ಇದೇ ಲೆಕ್ಕದಲ್ಲಿ.

ಇನ್ನು ಬ್ಯಾಟರಿ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನನ್ನ ಹತ್ತಿರ ಒಂದು ಯುಪಿಎಸ್ ಇತ್ತು, ಸೀಸ ಮತ್ತು ಆಮ್ಲದ ದೊಡ್ಡ ಬ್ಯಾಟರಿ. ಆಗಾಗ ಡಿಸ್ಟಿಲ್ಡ್ ವಾಟರ್ ಹಾಕುತ್ತಾ ಚೆನ್ನಾಗೇ ನೋಡಿಕೊಂಡಿದ್ದೆ. ಒಂದು ಸಲ ಚಾರ್ಜ್ ಪೂರ್ತಿ ಇಳಿದಿದ್ದಾಗ ಮೇನ್ ಸ್ವಿಚ್ ಆಫ್ ಮಾಡಿಕೊಂಡು ಊರಿಗೆ ಹೋದವನು ಎರಡು ತಿಂಗಳು ಬಿಟ್ಟು ಬಂದೆ. ಬ್ಯಾಟರಿ ಸತ್ತಿತ್ತು. ರಿಪೇರಿಯವರು ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿ ತೋರಿಸಿದರು: "ನೋಡಿ ಸಾರ್, ಸಲ್ಫೇಟ್ ಕಟ್ಟಿಬಿಟ್ಟಿದೆ." ಪ್ಲೇಟಿನ ಮೇಲೆ ಬೂದಿ ಬಣ್ಣದ ಹರಳು. ಚಾರ್ಜ್ ಇಳಿದಾಗ ಸೀಸದ ಸಲ್ಫೇಟ್ ಸಣ್ಣ ಸಣ್ಣ ಹರಳಾಗಿ ಕೂರುತ್ತದೆ, ಅದು ಸಹಜ. ತಕ್ಷಣ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ಹಾಗೇ ಬಿಟ್ಟರೆ ಸಣ್ಣವು ಸೇರಿ ದೊಡ್ಡವಾಗಿ, ಮತ್ತೆ ಕರಗುವುದೇ ಇಲ್ಲ. ಅಲ್ಲೂ ಕೊಲ್ಲುವುದು ಹರಳೇ. ಆ ಪ್ಲೇಟು ನೋಡುತ್ತಾ ನನಗೆ ಕ್ಯಾನಿನಲ್ಲಿ ಅರೆಬರೆ ಕರಗಿದ ಸ್ಟ್ರಾಗಳು ನೆನಪಾದವು.

ಲಿಥಿಯಂ ಬ್ಯಾಟರಿಯಲ್ಲಿ ಈ ಹೊಸ್ತಿಲು ಇನ್ನೂ ಚೆನ್ನಾಗಿ ಕಾಣುತ್ತದೆ. ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಡುತ್ತಿದ್ದೆವಲ್ಲ, ಆ ಬ್ಯಾಟರಿ ಕೆಲಸ ಮಾಡುವುದೇ ಹಾಗೆ. ಒಂದು ಕಡೆ ಕೋಬಾಲ್ಟ್ ಆಕ್ಸೈಡಿನ ಪದರ, ಇನ್ನೊಂದು ಕಡೆ ಗ್ರಾಫೈಟಿನ ಪದರ. ಲಿಥಿಯಂ ಅಯಾನುಗಳು ಈ ಹಾಳೆಯಿಂದ ಆ ಹಾಳೆಗೆ ಹೋಗಿ ಬಂದು ಮಾಡುತ್ತವೆ. ಪದರದ ನಡುವೆ ಹೀಗೆ ಸೇರಿಸುವ ಬ್ಯಾಟರಿಯನ್ನು 1970ರ ದಶಕದಲ್ಲಿ ತೋರಿಸಿದವರು ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡ್ ತಂದರು. 1985ರಲ್ಲಿ ಜಪಾನಿನ ಅಕಿರಾ ಯೊಶಿನೊ ಲಿಥಿಯಂ ಲೋಹವನ್ನು ತೆಗೆದು ಅದರ ಜಾಗಕ್ಕೆ ಇಂಗಾಲ ಹಾಕಿ ಅಪಾಯ ಕಡಿಮೆ ಮಾಡಿದರು. ಸೋನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಸಿಕ್ಕಿತು, ಆಗ ಗುಡ್‌ಇನಫ್ ಅವರಿಗೆ 97 ವರ್ಷ.

ಒಂದು ಕಾಕತಾಳೀಯ ಹೇಳದೆ ಇರಲಾರೆ. 1972ರಲ್ಲಿ ಇಲಿಯ ಭ್ರೂಣವನ್ನು ಮೊದಲ ಸಲ ಹೆಪ್ಪುಗಟ್ಟಿಸಿ ಬದುಕಿಸಿದ ಮೂವರಲ್ಲಿ ಒಬ್ಬರು ಪೀಟರ್ ಮೇಜರ್, ಇನ್ನೊಬ್ಬರು ಸ್ಟ್ಯಾನ್ಲಿ ಲೀಬೊ, ಮತ್ತೊಬ್ಬರ ಹೆಸರು ಡೇವಿಡ್ ವಿಟಿಂಗ್‌ಹ್ಯಾಮ್. ಒಂದೇ ದಶಕ, ಒಂದೇ ಮನೆತನದ ಹೆಸರು. ಒಬ್ಬರು ಲಿಥಿಯಂ ಅನ್ನು, ಇನ್ನೊಬ್ಬರು ಜೀವವನ್ನು ಒಳಗೆ ಕಳಿಸಿ ಹಾಳಾಗದೆ ಹೊರಗೆ ತರಲು ಒದ್ದಾಡುತ್ತಿದ್ದರು.

ಕೋಬಾಲ್ಟ್ ಆಕ್ಸೈಡಿನಿಂದ ಇದ್ದಬದ್ದ ಲಿಥಿಯಂ ಎಲ್ಲ ತೆಗೆಯಲು ಆಗುವುದಿಲ್ಲ. ಸುಮಾರು ಅರ್ಧಕ್ಕಿಂತ ಹೆಚ್ಚು ತೆಗೆದರೆ ಪದರಗಳೇ ಹಾಳಾಗುತ್ತವೆ. ಹೋಗುವವರು ಸ್ವಲ್ಪ ಜನ ಮನೆಯಲ್ಲೇ ಉಳಿದು ಚಾವಣಿ ಹಿಡಿದುಕೊಂಡಿರಬೇಕು. ಗ್ರಾಫೈಟಿನ ಕಡೆ ಇನ್ನೊಂದು ಸೋಜಿಗ ಇದೆ. ಫ್ಯಾಕ್ಟರಿಯಲ್ಲಿ ಮೊದಲ ಸಲ ಚಾರ್ಜ್ ಮಾಡುವಾಗ ದ್ರಾವಣ ಸ್ವಲ್ಪ ಒಡೆದು ಗ್ರಾಫೈಟಿನ ಮೇಲೆ ತೆಳುವಾದ ಒಂದು ಪೊರೆ ಕಟ್ಟುತ್ತದೆ, ಹಾಲು ಕಾಯಿಸಿದಾಗ ಕೆನೆ ಕಟ್ಟುವ ಹಾಗೆ. ಆ ಪೊರೆ ಒಂದಷ್ಟು ಲಿಥಿಯಂ ಅನ್ನು ನುಂಗಿಕೊಂಡುಬಿಡುತ್ತದೆ, ಅದು ಹೋದಂತೆಯೇ. ಆದರೆ ಪೊರೆ ಇಲ್ಲದಿದ್ದರೆ ದ್ರಾವಣ ಒಡೆಯುತ್ತಲೇ ಹೋಗುತ್ತದೆ. ಹೊಸ್ತಿಲ ಸುಂಕ ಅದು, ಮೊದಲ ದಿನವೇ ಕಟ್ಟಿಬಿಡಬೇಕು. ಚಳಿಯಲ್ಲಿ ಅವಸರದಿಂದ ಚಾರ್ಜ್ ಮಾಡಿದರೆ ಲಿಥಿಯಂಗೆ ಹಾಳೆಯೊಳಗೆ ತೂರಲು ಪುರುಸೊತ್ತು ಸಾಲದೆ ಹೊರಗೇ ಲೋಹವಾಗಿ ಮೆತ್ತಿಕೊಳ್ಳುತ್ತದೆ. ಅದು ಮುಳ್ಳಿನ ಹಾಗೆ ಬೆಳೆದು ಆ ಕಡೆಗೆ ಮುಟ್ಟಿದರೆ ಬೆಂಕಿ. ಮೇಜರ್ ಹೇಳಿದ್ದೇ ಇಲ್ಲೂ: ಅವಸರವಾದರೆ ಹರಳು ಹುಟ್ಟುವುದು ಹುಟ್ಟಬಾರದ ಜಾಗದಲ್ಲಿ.

ಬ್ಯಾಟರಿಗೆ ಒಂದು ಕೊರತೆ ಇದೆ, ಮುಚ್ಚಿಡಬಾರದು. ಸುಮ್ನೆ ಇಟ್ಟರೂ ಅದು ಸವೆಯುತ್ತದೆ. ಫುಲ್ ಚಾರ್ಜ್ ಮಾಡಿ ಬಿಸಿಲಲ್ಲಿಟ್ಟರೆ ಇನ್ನೂ ಬೇಗ. ಮೈನಸ್ 196ರ ಶಾಂತಿ ಅದಕ್ಕಿಲ್ಲ.

ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಈಗ ಸೋಡಿಯಂ ಬ್ಯಾಟರಿಯ ಕೆಲಸ ನಡೆಯುತ್ತಿದೆ. ಸೋಡಿಯಂ ಅಂದರೆ ಉಪ್ಪಿನಲ್ಲಿರುವುದು, ಎಲ್ಲ ಕಡೆ ಸಿಗುತ್ತದೆ. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಸಿಕ್ಕಿತು ಅಂತ ಎಲ್ಲರೂ ಹಿಗ್ಗಿದ್ದೆವು, ಅಂದಾಜು 1,600 ಟನ್ ಅಷ್ಟೇ, ಅದನ್ನು ನಂಬಿ ಕೂರುವಂತಿಲ್ಲ. ಸೋಡಿಯಂನ ತೊಂದರೆ ಅದರ ಗಾತ್ರ. ಲಿಥಿಯಂ ನುಸುಳುವ ಸಂದಿಯಲ್ಲಿ ಅದು ಹಿಡಿಸುವುದಿಲ್ಲ. ಗ್ರಾಫೈಟ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ ಅನ್ನಬಹುದು. ಅಲ್ಲಿನ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ, ಪದಾರ್ಥದ ಕಣಗಳನ್ನು ನ್ಯಾನೋ ಅಳತೆಗೆ ಇಳಿಸಿ ಇಂಗಾಲದ ಹೊದಿಕೆ ಹೊದಿಸಿ ದಾರಿ ಸಲೀಸು ಮಾಡಿ, 6 ನಿಮಿಷದಲ್ಲಿ ಶೇಕಡಾ 80 ಚಾರ್ಜ್ ಆಗುವ ಬ್ಯಾಟರಿ ಮಾಡಿದ್ದಾಗಿ 2025ರಲ್ಲಿ ತಿಳಿಸಿತು. ಪ್ರಯೋಗಶಾಲೆಯಿಂದ ಅಂಗಡಿಗೆ ದೂರ ಬಹಳ. ಆದರೂ ಜಕ್ಕೂರಿನ ಹೆಸರು ಓದಿದಾಗ ಖುಷಿಯಾಯಿತು.

ಈ ವಿಷಯ ಬರೆಯಲು ಕೂತಾಗಿನಿಂದ ಒಬ್ಬರ ಬಗ್ಗೆ ಹೇಳಬೇಕು ಅಂತಲೇ ಇದ್ದೆ. ಕೋಲ್ಕತ್ತಾದ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿತು. ಅದೇ ಅಕ್ಟೋಬರ್ 3ಕ್ಕೆ ಕೋಲ್ಕತ್ತಾದಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಮುಖೋಪಾಧ್ಯಾಯರು ಮಾಡಿದ್ದು ಇಂಗ್ಲೆಂಡಿನವರು ಮಾಡಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ. ಔಷಧಿ ಕೊಟ್ಟು ಅಂಡಾಣು ಹೆಚ್ಚಿಸಿದ ತಿಂಗಳಲ್ಲಿ ಗರ್ಭಕೋಶ ಭ್ರೂಣಕ್ಕೆ ಸಿದ್ಧವಾಗಿರುವುದಿಲ್ಲ ಅಂತ ಅವರಿಗೆ ಅನ್ನಿಸಿತ್ತು. ಅದಕ್ಕೆ ಭ್ರೂಣವನ್ನು ಡಿಎಂಎಸ್‌ಒ ಎಂಬ ದ್ರಾವಣದಲ್ಲಿ ಹೆಪ್ಪುಗಟ್ಟಿಸಿ, 53 ದಿನ ಇಟ್ಟು, ಮೈ ತಾನಾಗಿ ಹದಕ್ಕೆ ಬಂದ ಮೇಲೆ ಸೇರಿಸಿದರು. ಕಾಯುವುದಕ್ಕೋಸ್ಕರ ಇಟ್ಟಿದ್ದು ಅದು. ಹೆಪ್ಪುಗಟ್ಟಿದ ಭ್ರೂಣದಿಂದ ಮಗು ಹುಟ್ಟಿತು ಅಂತ ಜಗತ್ತು ಒಪ್ಪಿದ್ದು 1984ರಲ್ಲಿ, ಆಸ್ಟ್ರೇಲಿಯಾದಲ್ಲಿ. ಆರು ವರ್ಷ ಆಮೇಲೆ!

ಪಶ್ಚಿಮ ಬಂಗಾಳ ಸರ್ಕಾರ ಒಂದು ಸಮಿತಿ ಮಾಡಿತು. ಸಮಿತಿ ಅವರ ಮಾತನ್ನು ನಂಬಲಿಲ್ಲ. ಜಪಾನಿನಿಂದ ಕರೆ ಬಂದಾಗ ಹೋಗಲು ಬಿಡಲಿಲ್ಲ. 1981ರಲ್ಲಿ ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. ಭ್ರೂಣದ ಕೆಲಸ ಮಾಡುವವರನ್ನು ಕಣ್ಣಿನ ವಿಭಾಗಕ್ಕೆ. ಅದೇ ಜೂನ್ 19ರಂದು ಅವರು ತಮ್ಮ ಜೀವ ತಾವೇ ತೆಗೆದುಕೊಂಡರು.

1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮಗುವನ್ನು ದೇಶದ ಮೊದಲ ಪ್ರನಾಳ ಶಿಶು ಅಂತ ಎಲ್ಲರೂ ಒಪ್ಪಿದ್ದರು. ಅದರ ಹಿಂದಿದ್ದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್. 1997ರಲ್ಲಿ ಅವರ ಕೈಗೆ ಮುಖೋಪಾಧ್ಯಾಯರ ಕಾಗದ ಪತ್ರಗಳು ಸಿಕ್ಕವು. ಓದಿದರು. ಓದಿ, ಮೊದಲು ಮಾಡಿದ್ದು ನಾನಲ್ಲ, ಅವರು, ಅಂತ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ತನ್ನ ಹೆಸರಿನ ಮುಂದಿದ್ದ 'ಮೊದಲ' ಅನ್ನುವ ಮಾತನ್ನು ತಾವೇ ತೆಗೆದು ಸತ್ತವರೊಬ್ಬರಿಗೆ ಕೊಟ್ಟರು. ಇದನ್ನು ಓದಿದಾಗಲೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ. ಭ್ರೂಣ 53 ದಿನ ಕಾದು ಬದುಕಿತು. ಕಾಗದಗಳೂ ಹದಿನಾರು ವರ್ಷ ಕಾದು ಸರಿಯಾದ ಕೈಗೆ ಸೇರಿದವು. ಆದರೆ ಆ ಮನುಷ್ಯ ಮಾತ್ರ ಇರಲಿಲ್ಲ. ಈಗ ಭ್ರೂಣ ಹೆಪ್ಪುಗಟ್ಟಿಸಿ, ಮುಂದಿನ ತಿಂಗಳುಗಳಲ್ಲಿ ಸೇರಿಸುವುದು ಲೋಕದ ಎಲ್ಲ ಕಡೆ ದಿನನಿತ್ಯದ ಕೆಲಸ.

ದೊಡ್ಡ ಅಳತೆಯ ಕರೆಂಟಿನ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯಲ್ಲೇ ಪಾವಗಡ ಇದೆ. 13,000 ಎಕರೆ, 2,050 ಮೆಗಾವ್ಯಾಟ್ ಸೋಲಾರ್. ಮಧ್ಯಾಹ್ನ ಬೇಕಾದಷ್ಟು ಕರೆಂಟು, ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತುವ ಹೊತ್ತಿಗೆ ಸೊನ್ನೆ. ಮಧ್ಯಾಹ್ನದ್ದನ್ನು ಸಂಜೆಗೆ ಇಡುವುದು ಎಲ್ಲಿ? ಬ್ಯಾಟರಿಯಲ್ಲಿ ಇಡಬಹುದು. ಇಲ್ಲ, ಹೆಚ್ಚಾದ ಕರೆಂಟಿನಿಂದ ಕೆಳಗಿನ ಅಣೆಕಟ್ಟಿನ ನೀರನ್ನು ಮೇಲಿನದಕ್ಕೆ ಹತ್ತಿಸಿ, ಬೇಕಾದಾಗ ಇಳಿಸಬಹುದು. ನೂರು ಯೂನಿಟ್ ಕೊಟ್ಟು ನೀರು ಹತ್ತಿಸಿದರೆ ಎಪ್ಪತ್ತೈದು ಎಂಬತ್ತು ವಾಪಸ್ಸು ಬರುತ್ತದೆ. ಇಲ್ಲೂ ಸುಂಕ ಇದೆ, ಆದರೆ ತೀರಾ ಜಾಸ್ತಿ ಅಲ್ಲ. ಶರಾವತಿಯಲ್ಲಿ ಮೇಲಿನ ತಲಕಳಲೆಗೂ ಕೆಳಗಿನ ಗೇರುಸೊಪ್ಪೆಗೂ ನಡುವೆ 2,000 ಮೆಗಾವ್ಯಾಟಿನ ಇಂಥ ಯೋಜನೆ ಮಾಡಲು ಹೊರಟಿದ್ದಾರೆ. ಜಾಗ ಸಿಂಗಳೀಕ ಅಭಯಾರಣ್ಯದೊಳಗೆ. ಸುರಂಗ, ರಸ್ತೆ, ಮಣ್ಣಿನ ರಾಶಿ, ಎಲ್ಲ ಆ ಕಾಡಿನಲ್ಲೇ ಆಗಬೇಕು.

ಸಂಗ್ರಹ ಬೇಡ ಅನ್ನುವವನು ನಾನಲ್ಲ. ಇಷ್ಟು ಹೊತ್ತು ಬರೆದದ್ದೇ ಅದರ ಮೇಲಿನ ಪ್ರೀತಿಯಿಂದ. ಆದರೆ ಶರಾವತಿಯ ವಿಷಯಕ್ಕೆ ಬಂದಾಗ ನನ್ನ ಮನಸ್ಸು ಒಪ್ಪುವುದಿಲ್ಲ, ಅದಕ್ಕೆ ಕಾರಣ ಹಲಸಿನ ಬೀಜ.

ನಮ್ಮ ಚೇಳೂರು ಕಡೆ ಹಲಸಿಗೆ ಹೆಸರುವಾಸಿ. ಅಜ್ಜಿ ಹಲಸಿನ ಬೀಜವನ್ನು ರಾಗಿಯ ಹಾಗೆ ಬಿಸಿಲಿಗೆ ಹಾಕುತ್ತಿರಲಿಲ್ಲ. ಸಾರಿಗೆ ಬೇಕಾದವನ್ನು ಕೆಮ್ಮಣ್ಣು ಬಳಿದು ನೆರಳಲ್ಲಿ ಇಡುತ್ತಿದ್ದಳು. ಬಿತ್ತುವುದಕ್ಕಾದರೆ ಹಣ್ಣು ಕೊಯ್ದ ವಾರದಲ್ಲೇ ಮಣ್ಣಿಗೆ. "ಒಣಗಿದ್ರೆ ಹುಟ್ಟಲ್ಲ" ಅನ್ನುವುದು ಅವಳಿಗೆ ಗೊತ್ತಿತ್ತು. 1973ರಲ್ಲಿ ರಾಬರ್ಟ್ಸ್ ಎಂಬ ವಿಜ್ಞಾನಿ ಬೀಜಗಳನ್ನು ಎರಡು ಜಾತಿ ಮಾಡಿದರು. ಒಣಗಿಸಿ ಇಡಬಹುದಾದವು, ಒಣಗಿದರೆ ಸಾಯುವಂಥವು. ರಾಗಿ ಮೊದಲನೆಯದು. ಹಲಸು, ಮಾವು, ಕೋಕೋ ಎರಡನೆಯದು. ಇಂಥ ಬೀಜ ಮರದಲ್ಲೇ ಮೊಳಕೆಗೆ ಹೊರಟು ನಿಂತಿರುತ್ತದೆ. ಗಾಜಾಗಲು ಬೇಕಾದ ತಯಾರಿ ಅದಕ್ಕಿಲ್ಲ. ಬೀಜದೊಳಗಿನ ಕಿರುಮೊಳಕೆಯನ್ನಷ್ಟೇ ಬಿಡಿಸಿ, ಒಣಗಿಸಿ, ದ್ರವ ಸಾರಜನಕದಲ್ಲಿ ಇಡುವ ಪ್ರಯೋಗ ದಿಲ್ಲಿಯಲ್ಲಿ ಹಲಸು, ಚಹಾ, ಕೋಕೋ ಮೇಲೆ 1990ರ ದಶಕದಲ್ಲೇ ನಡೆದಿದೆ. ಒಂದೊಂದು ಜಾತಿಗೂ ಹದ ಬೇರೆ, ಒಂದೊಂದಕ್ಕೂ ವರ್ಷಗಟ್ಟಲೆ ಕೆಲಸ.

ಶರಾವತಿ ಕಣಿವೆಯಲ್ಲಿ ಕತ್ತಲೆಕಾನು ಅಂತ ಒಂದು ಕಾಡಿದೆ, ಸಿದ್ದಾಪುರ ತಾಲ್ಲೂಕಿಗೆ ಸೇರಿದ್ದು. ಅಲ್ಲಿ ಕಾಡುಜಾಯಿಕಾಯಿ ಜಾತಿಯ ಮರಗಳ ಜೌಗು ಇದೆ. ಲೋಕದಲ್ಲಿ ಬೇರೆಲ್ಲೂ ಸುಲಭಕ್ಕೆ ಕಾಣದ ಮರಗಳು. ಅಲ್ಲಿಯ ಒಂದು ಮರ ಇದೆ ಅಂತ ವಿಜ್ಞಾನಕ್ಕೆ ಗೊತ್ತಾಗಿದ್ದೇ 2000ದಲ್ಲಿ, ಕಾಡಿನ ಹೆಸರನ್ನೇ ಅದಕ್ಕೆ ಇಟ್ಟರು. ಶಿರಸಿಯ ಅರಣ್ಯ ಕಾಲೇಜಿನವರು ಅದರ ಸಸಿ ಮಾಡಿ ಬೆಳೆಸಿದ್ದಾರೆ. ಸಸಿಯನ್ನೇ ಮಾಡಬೇಕು, ಯಾಕೆಂದರೆ ಆ ಬೀಜಗಳೂ ಹಲಸಿನ ಥರದವೇ, ಡಬ್ಬಿಯಲ್ಲಿ ಹಾಕಿ ಮೈನಸ್ 18ರಲ್ಲಿ ಇಡುವಂತಿಲ್ಲ. ಕರೆಂಟು ಇಡಲು ಬೇರೆ ಬೆಟ್ಟ ಸಿಗಬಹುದು, ಬ್ಯಾಟರಿ ಅಗ್ಗವಾಗುತ್ತಲೇ ಇದೆ. ಆ ಮರಗಳನ್ನು ಇಟ್ಟಿರುವ ಜಾಗ ಆ ಕಣಿವೆಯಂಥವೇ, ಇನ್ನೆಲ್ಲೂ ಇಲ್ಲ.

ಒಂದು ಜುಲೈಯಲ್ಲಿ ಆ ಕಡೆಯ ಗೆಳೆಯನೊಬ್ಬನ ಜೊತೆ ಅಲ್ಲಿಗೆ ಹೋಗಿದ್ದೆ. ಮಳೆ ನಿಂತಿತ್ತು, ಎಲೆಗಳಿಂದ ಹನಿ ನಿಂತಿರಲಿಲ್ಲ. ಕಾಲಿಗೆಲ್ಲ ಇಂಬಳ. ಕಪ್ಪು ಕೆಸರಿನಿಂದ ಬೇರುಗಳು ಮೊಣಕಾಲು ಮಡಚಿದ ಹಾಗೆ ಮೇಲೆ ಎದ್ದು ಮತ್ತೆ ಕೆಸರಿಗೆ ಇಳಿದಿದ್ದವು, ಉಸಿರಿಗಾಗಿ. ನಡುವೆ ಅಲ್ಲಲ್ಲಿ ಬೀಜ ಬಿದ್ದಿದ್ದವು. ಒಂದರ ಸಿಪ್ಪೆ ಬಿರಿದು ಬಿಳಿ ಮೊಳಕೆ ಇಣುಕಿತ್ತು. ಎತ್ತಿಕೊಂಡು, ಮನೆಗೆ ಒಯ್ಯೋಣ ಅಂತ ಅಂಗಿ ಜೇಬಿಗೆ ಹಾಕಿಕೊಂಡೆ.

"ಅದನ್ನ ಅಲ್ಲೇ ಇಡು ಮಾರಾಯ," ಅಂದ ಅವನು. "ಬಸ್ ಹತ್ತೋದ್ರೊಳಗೆ ಒಣಗುತ್ತೆ."

ತೆಗೆದೆ. ಎಲ್ಲಿಂದ ಎತ್ತಿದ್ದೆ ಅಂತ ಹುಡುಕಿದೆ. ಕೆಸರಿನಲ್ಲಿ ಬೀಜದ ಅಚ್ಚು ಇನ್ನೂ ಹಾಗೇ ಇತ್ತು, ಅದರೊಳಗೆ ಆಗಲೇ ಸ್ವಲ್ಪ ನೀರು ಬಂದು ನಿಂತಿತ್ತು. ಮೊಳಕೆ ಕೆಳಗೆ ಬರುವ ಹಾಗೆ ಅದರಲ್ಲೇ ಇಟ್ಟೆ.